ಪ್ರೊಬಯಾಟಿಕ್ ಡಬ್ಬಿ ಕೊಳ್ಳುವ ಮುಂಚೆ ಇಷ್ಟು ನೋಡಿ

‘ಮನಸ್ಸಿಗೆ ನೆಮ್ಮದಿ’ ಎಂದು ಬರೆದ ಪ್ರೊಬಯಾಟಿಕ್ (ಆರೋಗ್ಯಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ) ಡಬ್ಬಿಗಳು ಈಗ ಜಾಸ್ತಿಯಾಗಿವೆ. ಕರುಳಿನ ಬ್ಯಾಕ್ಟೀರಿಯಾಗೂ ಮಿದುಳಿಗೂ ಸಂಬಂಧ ಇರುವುದು ನಿಜ. ಆ ಡಬ್ಬಿಯಿಂದ ನಿಮಗೆ ಉಪಯೋಗವಾಗುತ್ತದಾ ಎನ್ನುವುದು ಬೇರೆಯೇ ಪ್ರಶ್ನೆ.

ಮೊದಲು, ಸುದ್ದಿ ಹೋಗುವ ದಾರಿ ತಿಳಿದುಕೊಳ್ಳಿ. ಹೊಟ್ಟೆಯಿಂದ ಮಿದುಳಿಗೆ ವೇಗಸ್ ಎಂಬ ಉದ್ದನೆಯ ನರವಿದೆ. ಅದರ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಬ್ಯಾಕ್ಟೀರಿಯಾ ಈ ನರದ ಮೂಲಕ, ರೋಗನಿರೋಧಕ ವ್ಯವಸ್ಥೆಯ ಮೂಲಕ, ತಾವು ತಯಾರಿಸುವ ರಾಸಾಯನಿಕಗಳ ಮೂಲಕ ಮಿದುಳನ್ನು ಮುಟ್ಟುತ್ತವೆ. ‘ದೇಹದ ಶೇ 90ರಷ್ಟು ಸೆರೊಟೋನಿನ್ (ಮೂಡ್‌ಗೆ ಸಂಬಂಧಿಸಿದ ರಾಸಾಯನಿಕ) ಕರುಳಲ್ಲೇ ಹುಟ್ಟುತ್ತದೆ, ಹಾಗಾಗಿ ಖುಷಿಯೂ ಅಲ್ಲೇ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲರ್ಧ ಸರಿ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ.

ಎರಡನೆಯದು ಲೇಬಲ್. ಇಲ್ಲಿ ನಿಧಾನಿಸಿ. ಬ್ಯಾಕ್ಟೀರಿಯಾದ ಹೆಸರಿನಲ್ಲಿ ಮೂರು ಭಾಗ ಇರಬೇಕು: ಲ್ಯಾಕ್ಟೋಬ್ಯಾಸಿಲಸ್, ರಾಮ್ನೋಸಸ್, ಜೆಬಿ-1 ಎನ್ನುವ ಹಾಗೆ. ಕೊನೆಯದು ತಳಿಯ ಗುರುತು. ಗುಣ ಇರುವುದು ತಳಿಯಲ್ಲಿ, ಮನೆತನದ ಹೆಸರಿನಲ್ಲಲ್ಲ. ತಳಿಯ ಹೆಸರಿದ್ದರೂ ಅದನ್ನು ಪರೀಕ್ಷಿಸಿದ್ದು ಯಾರ ಮೇಲೆ ಎಂದು ಕೇಳಿ. 2011ರಲ್ಲಿ ಇದೇ ಜೆಬಿ-1 ತಿಂದ ಇಲಿಗಳ ಆತಂಕ ಕಡಿಮೆಯಾಗಿತ್ತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಎಷ್ಟು ಚಂದದ ಪುರಾವೆ, ಅಲ್ವಾ? ಆದರೆ 2017ರಲ್ಲಿ ಆರೋಗ್ಯವಂತ ಗಂಡಸರಿಗೆ ಅದನ್ನೇ ಕೊಟ್ಟು ನೋಡಿದಾಗ ಒತ್ತಡ, ಮೂಡ್ ಯಾವುದರಲ್ಲೂ ಹುಸಿಗುಳಿಗೆಗಿಂತ (ಔಷಧಿಯೇ ಇಲ್ಲದ, ಹೋಲಿಕೆಗೆಂದು ಕೊಡುವ ಗುಳಿಗೆ) ಹೆಚ್ಚಿನ ಫಲ ಸಿಗಲಿಲ್ಲ. ಡಬ್ಬಿಯ ಮೇಲೆ ಇಷ್ಟು ಕೋಟಿ ಬ್ಯಾಕ್ಟೀರಿಯಾ ಎಂದು ಬರೆದ ಲೆಕ್ಕವನ್ನೂ ನೋಡಿ. ‘ತಯಾರಾದಾಗ ಇಷ್ಟು’ ಎಂದಿದ್ದರೆ ಸಾಲದು. ಎಕ್ಸ್‌ಪೈರಿ ದಿನಾಂಕದವರೆಗೂ ಎಷ್ಟು ಬದುಕಿರುತ್ತವೆ ಎಂದು ಬರೆದಿರಬೇಕು.

ಮೂರನೆಯದು, ಒಳಗಿರುವ ಬ್ಯಾಕ್ಟೀರಿಯಾಗೆ ಊಟ ಹಾಕಿ. ನನ್ನ ಪ್ರಕಾರ ಡಬ್ಬಿಗಿಂತ ಇದೇ ಮುಖ್ಯ. ನಮಗೆ ಜೀರ್ಣವಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆ ಗಟ್ಟಿಯಾಗಿರಲು, ಉರಿಯೂತ ಹತೋಟಿಯಲ್ಲಿರಲು ಇವು ಬೇಕು. ಕಾಳು, ಸೊಪ್ಪು, ಇಡೀ ಧಾನ್ಯ, ಹಣ್ಣು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಒಂದೇ ದಿನ ತುಂಬಿಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ. ಜೊತೆಗೆ ಮೊಸರು ಅಥವಾ ಹುದುಗಿಸಿದ ಬೇರೆ ಆಹಾರ ಇರಲಿ.

ಇಷ್ಟಾದ ಮೇಲೂ ಡಬ್ಬಿ ಬೇಕೆನಿಸಿದರೆ ಒಂದೇ ಉತ್ಪನ್ನ ಆರಿಸಿ, ನಾಲ್ಕರಿಂದ ಎಂಟು ವಾರ ನೋಡಿ. ನಿದ್ದೆ, ಹೊಟ್ಟೆ, ಮೂಡ್ ಹೇಗಿತ್ತೆಂದು ದಿನಾ ಒಂದು ಸಾಲು ಬರೆದಿಡಿ. ಅದೇ ವಾರ ಕಾಫಿ ಬಿಡುವುದು, ವ್ಯಾಯಾಮ ಶುರು ಮಾಡುವುದು ಬೇಡ. ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.

ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬಾರದು. ಇಂಥವರಲ್ಲಿ ಇದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸೋಂಕಾಗಬಹುದು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಡಬ್ಬಿ ಬಂತೆಂದು ಅದನ್ನು ನಿಲ್ಲಿಸಬೇಡಿ.