ಹತ್ತು ಗಜದ ಸರಪಳಿ

ಮಗ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿಗೆ ಸೇರಿದ ವಾರವೇ ಕೋಚ್ ನನ್ನನ್ನು ಕೇಳಿದರು: "ಭಾನುವಾರ ಮ್ಯಾಚ್ ಇದೆ, ನೀವು ಯಾವ ಕೆಲಸ ಮಾಡ್ತೀರಿ?"

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಈ ದೇಶದಲ್ಲಿ 1979ರಿಂದಲೇ ಈ ಆಟದ ಲೀಗ್ ಇದೆ. ಆದರೂ ಜನ, ದುಡ್ಡು ಎಲ್ಲಾ ಸಾಕರ್ ಕಡೆಗೇ. ಹಾಗಾಗಿ ಸಣ್ಣ ಕ್ಲಬ್ಬುಗಳಲ್ಲಿ ಗೆರೆ ಹಾಕೋದರಿಂದ ಹಿಡಿದು ಕೇಕ್ ಮಾರೋವರೆಗೆ ಎಲ್ಲವೂ ಆಟಗಾರರ ಮನೆಯವರದ್ದೇ. ನನಗೆ ಸಿಕ್ಕಿದ್ದು ಚೈನ್.

ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್, ಅಂದ್ರೆ ನಮ್ಮ ಹತ್ತು ಗಜ, ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಆ 9.14 ಮೀಟರನ್ನು ಕಾಯೋದು ಮೈದಾನದ ಅಂಚಿನಲ್ಲಿ ಎರಡು ಕೋಲಿನ ನಡುವೆ ಹಿಡಿದ ಸರಪಳಿ. ಮುಂದಿನ ಕೋಲು ನನ್ನದು.

ಮೊದಲ ದಿನ ಹಿರಿಯರೊಬ್ಬರು ಒಂದು ಸಣ್ಣ ಕ್ಲಿಪ್ ತೋರಿಸಿ, "ಇದನ್ನು ಅರ್ಥ ಮಾಡ್ಕೊಳ್ಳಿ, ಸಾಕು" ಅಂದರು. ಮೈದಾನದಲ್ಲಿ ಐದೈದು ಯಾರ್ಡಿಗೆ ಅಡ್ಡಗೆರೆ ಇರುತ್ತದೆ. ಸರಪಳಿ ಆ ಗೆರೆಯನ್ನು ದಾಟುವ ಜಾಗಕ್ಕೆ ಸರಿಯಾಗಿ ಕ್ಲಿಪ್ ಹಾಕುತ್ತೇವೆ. ಅಳೆಯಲು ಒಳಗೆ ಹೋದಾಗ ಲೈನ್ಸ್‌ಮನ್ ಕ್ಲಿಪ್ಪನ್ನು ಅದೇ ಗೆರೆಯ ಮೇಲೆ ಒತ್ತಿ ಹಿಡಿಯುತ್ತಾರೆ. ಎಷ್ಟು ದೂರ ನಡೆದು ಬಂದರೂ ಅಳತೆ ಜಾರುವುದಿಲ್ಲ.

ಅದರ ಬೆಲೆ ಎರಡನೇ ಮ್ಯಾಚಿನಲ್ಲಿ ತಿಳಿಯಿತು. ನಮ್ಮ ಹುಡುಗ ಹತ್ತು ಯಾರ್ಡ್ ದಾಟಿಬಿಟ್ಟ ಅಂತ ನಾನು ಕೋಲು ಎತ್ತಿಕೊಂಡು ಓಡಿದೆ. ರೆಫರಿ ಆಗಲೇ ಹಳದಿ ಬಟ್ಟೆ ಎಸೆದಿದ್ದರು. ತಪ್ಪು ನಮ್ಮವರದ್ದೇ, ಆ ಓಟ ರದ್ದು. ಕೋಲು ಹಳೇ ಜಾಗಕ್ಕೇ ವಾಪಸ್ ಹೋಗಬೇಕು, ಆದರೆ ಆ ಜಾಗ ಯಾವುದು? ಪುಣ್ಯಕ್ಕೆ ಕ್ಲಿಪ್ ಇನ್ನೂ ಸರಪಳಿಯಲ್ಲೇ ಇತ್ತು, ಯಾವ ಗೆರೆ ಅಂತ ಜೊತೆಯವರಿಗೆ ನೆನಪಿತ್ತು. ಅಂದಿನಿಂದ ಲೈನ್ಸ್‌ಮನ್ ಹೇಳುವ ತನಕ ನನ್ನ ಕಾಲು ಕದಲುವುದಿಲ್ಲ. ಗೆರೆಯ ನಂಬರನ್ನೂ ಪ್ರತಿ ಸಲ ಬಾಯಿಬಿಟ್ಟು ಹೇಳುತ್ತೇನೆ.

ಇನ್ನೊಂದು ನಿಯಮ ಜಾಸ್ತಿ ಕಷ್ಟದ್ದು. ಕೋಲು ಕೈಯಲ್ಲಿರುವಾಗ ಯಾರ ಪರವಾಗಿಯೂ ಕೂಗುವಂತಿಲ್ಲ. ಕಳೆದ ಜೂನ್‌ನಲ್ಲಿ ನಾಲ್ಕನೇ ಪ್ರಯತ್ನಕ್ಕೆ ಚೆಂಡು ಹಿಡಿದು ನುಗ್ಗಿದ್ದು ನನ್ನ ಮಗನೇ. ಅಳೆಯಲು ಕರೆದರು. ಸರಪಳಿಯನ್ನು ಪೂರ್ತಿ ಬಿಗಿಯಾಗಿ ಎಳೆದು ಕೋಲು ನಿಲ್ಲಿಸಿದೆ. ಚೆಂಡಿನ ತುದಿ ಎರಡು ಬೆರಳಷ್ಟು ಹಿಂದಿತ್ತು. ಅವನು ಹೆಲ್ಮೆಟ್ಟಿನ ಕಂಬಿಯೊಳಗಿಂದ ನನ್ನನ್ನೇ ನೋಡುತ್ತಿದ್ದ. ನಾನು ಕೋಲು ಎತ್ತಿಕೊಂಡು, ಎದುರಾಳಿಗಳ ಹತ್ತು ಗಜ ಅಳೆದು ನಿಲ್ಲಲು ಗೆರೆಯಾಚೆ ಓಡಿದೆ.