ಬಿಟ್ಟ ಸ್ಥಳ ತುಂಬಿರಿ: ಇಂಗ್ಲಿಷ್ ಪರೀಕ್ಷೆಗೆ ಅಭ್ಯಾಸ ಮಾಡುವುದು ಹೇಗೆ?

ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೊರಟು ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ಕೂರುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೆದರುವುದು ಮಾತನಾಡುವ ಮತ್ತು ಪ್ರಬಂಧ ಬರೆಯುವ ಭಾಗಗಳಿಗೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಪ್ರಾಥಮಿಕ ಶಾಲೆಯಿಂದಲೂ ಪರಿಚಿತವಾದ್ದರಿಂದ ಅದಕ್ಕೆ ಬೇರೆ ತಯಾರಿ ಬೇಕಿಲ್ಲವೆಂದು ಬದಿಗಿಡುತ್ತಾರೆ. ಆದರೆ ಶಾಲೆಯ ಪ್ರಶ್ನೆ ಕೇಳುವುದು ಮಾಹಿತಿಯನ್ನು. ಪಾಠ ಓದಿದ್ದರೆ ಉತ್ತರ ತಾನಾಗಿ ಬರುತ್ತದೆ. ಈ ಪರೀಕ್ಷೆಗಳು ಕೇಳುವುದು, ಒಂದು ಪದದ ಎಡಬಲದಲ್ಲಿ ಯಾವ ಪದಗಳು ಕೂರುತ್ತವೆ ಎಂಬುದು ನಿಮಗೆ ರೂಢಿಯಾಗಿದೆಯೇ ಎಂದು. ಪದದ ಅರ್ಥವೊಂದೇ ಗೊತ್ತಿದ್ದವರು ಎಡವುವುದು ಇಲ್ಲೇ.

ಈ ಬಗೆಯ ಪ್ರಶ್ನೆಗೆ ‘ಕ್ಲೋಜ್’ ಎಂಬ ಹೆಸರಿದೆ. ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟಿದ್ದು ವಿದ್ಯಾರ್ಥಿಗಳನ್ನು ಅಳೆಯಲು ಅಲ್ಲ, ಒಂದು ಬರಹ ಓದಲು ಎಷ್ಟು ಸುಲಭ ಎಂಬುದನ್ನು ಅಳೆಯಲು. ಬರಹದಿಂದ ನಿಗದಿತ ಅಂತರದಲ್ಲಿ ಪದಗಳನ್ನು ತೆಗೆದುಹಾಕಿ, ಓದುಗರು ಎಷ್ಟು ಪದಗಳನ್ನು ಸರಿಯಾಗಿ ಊಹಿಸುತ್ತಾರೆ ಎಂದು ನೋಡುವ ವಿಧಾನ ಅದು. ಮುಂದೆ ಇದೇ ವಿಧಾನ ಭಾಷಾ ಪರೀಕ್ಷೆಗಳಿಗೆ ಬಂತು. ಊಹಿಸಲು ಬೇಕಾದ ಸುಳಿವು ಸುತ್ತಲಿನ ಬರಹದಲ್ಲೇ ಇರುತ್ತದೆ ಎಂಬ ಅದರ ಮೂಲ ತತ್ವ ಇಂದಿಗೂ ಹಾಗೆಯೇ ಇದೆ, ನಮ್ಮ ಅಭ್ಯಾಸವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ನಿಮ್ಮ ಪರೀಕ್ಷೆ ಯಾವುದು ನೋಡಿ

ಎಲ್ಲ ಪರೀಕ್ಷೆಗಳ ಬಿಟ್ಟ ಸ್ಥಳಗಳೂ ಒಂದೇ ಬಗೆಯವಲ್ಲ. ಕಂಪ್ಯೂಟರಿನಲ್ಲಿ ಬರೆಯುವ ಪಿಟಿಇ ಅಕಾಡೆಮಿಕ್ ಪರೀಕ್ಷೆಯ ಓದುವ ಭಾಗದಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಪ್ರತಿ ಸ್ಥಳದ ಮೇಲೆ ಒತ್ತಿದಾಗ ನಾಲ್ಕು ಆಯ್ಕೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಬರಹದ ಕೆಳಗೆ ಪದಗಳನ್ನು ಸಾಲಾಗಿ ಕೊಟ್ಟಿರುತ್ತಾರೆ, ಅವನ್ನು ಎಳೆದು ತಂದು ಕೂರಿಸಬೇಕು. ಎರಡರಲ್ಲೂ ಸರಿಯಾದ ಪ್ರತಿ ಪದಕ್ಕೆ ಒಂದು ಅಂಕವಿದ್ದು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಸಾರಾಂಶವನ್ನೋ ವಾಕ್ಯವನ್ನೋ ಪೂರ್ಣಗೊಳಿಸಲು ಬಹುಪಾಲು ಕೊಟ್ಟ ಲೇಖನದಿಂದಲೇ ಪದವನ್ನು ಎತ್ತಿ, ಕಾಗುಣಿತ ತಪ್ಪದಂತೆ ಬರೆಯಬೇಕು. ಎರಡು ಪದ ಮೀರಬಾರದು ಎಂದು ಸೂಚಿಸಿರುವಲ್ಲಿ ಮೂರು ಪದ ಬರೆದರೆ ಉತ್ತರ ಸರಿಯಿದ್ದರೂ ಅಂಕ ಸಿಗದು. ಡುವೊಲಿಂಗೊ ಪರೀಕ್ಷೆಯಲ್ಲಿ ಪದದ ಮೊದಲ ಭಾಗ ಕೊಟ್ಟು ಉಳಿದ ಅಕ್ಷರಗಳನ್ನು ತುಂಬಿಸಲು ಹೇಳುವ ಪ್ರಶ್ನೆಯಿದೆ. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೊರಡುವವರು ಬರೆಯುವ ಒಇಟಿಯಲ್ಲಿ, ರೋಗಿಯೊಂದಿಗಿನ ಸಂಭಾಷಣೆಯನ್ನು ಒಂದೇ ಬಾರಿ ಕೇಳಿಸಿಕೊಂಡು ಟಿಪ್ಪಣಿಯ ಬಿಟ್ಟ ಸ್ಥಳಗಳನ್ನು ತುಂಬಬೇಕು. ಅಂತಹ ಎರಡು ಸಂಭಾಷಣೆಗಳಿಂದ ಒಟ್ಟು 24 ಸ್ಥಳಗಳು.

ಐಇಎಲ್‌ಟಿಎಸ್ ಬರೆಯುವವರು ಒಂದೇ ಅರ್ಥವನ್ನು ಬೇರೆ ಮಾತಿನಲ್ಲಿ ಹೇಳಿರುವುದನ್ನು ಗುರುತಿಸಲು ಹೆಚ್ಚು ಶ್ರಮಿಸಬೇಕು. ಲೇಖನದಲ್ಲಿ ‘ಗ್ರೋವರ್ಸ್ ಗೇವ್ ಅಪ್ ದ ಕ್ರಾಪ್’ ಎಂದಿದ್ದದ್ದು ಸಾರಾಂಶದಲ್ಲಿ ‘ಫಾರ್ಮರ್ಸ್ ಅಬ್ಯಾಂಡನ್ಡ್’ ಎಂದು ಬರುತ್ತದೆ. ಪದಗಳ ಜೊತೆಗಾರಿಕೆಯನ್ನು ಅತಿ ಸೂಕ್ಷ್ಮವಾಗಿ ಪರೀಕ್ಷಿಸುವುದು ಪಿಟಿಇಯ ಆಯ್ಕೆ ಪಟ್ಟಿಯ ಪ್ರಶ್ನೆಗಳಾದ್ದರಿಂದ ಈ ಲೇಖನದ ಬಹುಪಾಲು ಅವುಗಳ ಕುರಿತೇ ಇದೆ. ಅಲ್ಲಿ ಕಲಿತದ್ದು ಉಳಿದೆಡೆಗೂ ಒದಗುತ್ತದೆ.

ಆಯ್ಕೆಗಳನ್ನು ನೋಡದೆ ಓದಿ

ಅಭ್ಯಾಸಕ್ಕೆ ಕುಳಿತಾಗ ಮೊದಲು ಇಡೀ ಪ್ಯಾರಾವನ್ನು ಆಯ್ಕೆಗಳನ್ನು ತೆರೆಯದೆ ಒಮ್ಮೆ ಓದಿಕೊಳ್ಳಿ. ಪುಸ್ತಕದಲ್ಲಿ ಮಾಡುತ್ತಿದ್ದರೆ ಆಯ್ಕೆಗಳ ಮೇಲೆ ಹಾಳೆ ಮುಚ್ಚಿಡಿ. ಓದುತ್ತಾ ಪ್ರತಿ ಸ್ಥಳದಲ್ಲಿ ನಾಮಪದ ಬೇಕೋ, ಕ್ರಿಯಾಪದ ಬೇಕೋ, ವಿಶೇಷಣ ಬೇಕೋ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಸಾಧ್ಯವಾದರೆ ನಿಮಗೆ ತೋಚಿದ ಒಂದು ಪದವನ್ನೂ ಬರೆದಿಡಿ. ಆ ಪದ ಸರಳವಾಗಿದ್ದರೆ ಚಿಂತೆಯಿಲ್ಲ, ಕನ್ನಡದಲ್ಲಿ ಹೊಳೆದರೂ ಆಗುತ್ತದೆ. ಆಯ್ಕೆಗಳನ್ನು ಮೊದಲೇ ನೋಡಿದರೆ ನಾಲ್ಕೂ ಸರಿಯೆಂದು ತೋರುವಂತೆ ಅವುಗಳನ್ನು ಹೊಂದಿಸಿರುತ್ತಾರೆ; ನಿಮ್ಮದೇ ನಿರೀಕ್ಷೆಯೊಂದು ಮನಸ್ಸಿನಲ್ಲಿದ್ದರೆ ಅವುಗಳ ಎಳೆತಕ್ಕೆ ಸಿಕ್ಕುವುದಿಲ್ಲ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ‘ದ ರಿಪೋರ್ಟ್ ಪೇಸ್ ಲಿಟಲ್ ______ ಟು ದ ಕ್ವಾಲಿಟಿ ಆಫ್ ಡ್ರಿಂಕಿಂಗ್ ವಾಟರ್.’ ಆಯ್ಕೆಗಳು: ಇಂಪಾರ್ಟೆನ್ಸ್, ಅಟೆನ್ಷನ್, ಎಂಫಸಿಸ್, ಫೋಕಸ್. ಕುಡಿಯುವ ನೀರಿನ ಗುಣಮಟ್ಟದ ಕಡೆಗೆ ವರದಿ ಅಷ್ಟಾಗಿ ಲಕ್ಷ್ಯ ಕೊಟ್ಟಿಲ್ಲ ಎಂಬ ಅರ್ಥ ನಾಲ್ಕರಿಂದಲೂ ಹೊರಡುವಂತಿದೆ, ನಾಲ್ಕೂ ನಾಮಪದಗಳೇ ಆಗಿವೆ. ಕನ್ನಡದಲ್ಲಿ ನಾವು ಪ್ರಾಮುಖ್ಯವನ್ನೂ ಕೊಡುತ್ತೇವೆ, ಗಮನವನ್ನೂ ಕೊಡುತ್ತೇವೆ, ಒತ್ತನ್ನೂ ಕೊಡುತ್ತೇವೆ. ಒಂದೇ ಕ್ರಿಯಾಪದ ಎಲ್ಲವನ್ನೂ ನಿಭಾಯಿಸುವುದರಿಂದ ಕನ್ನಡದ ಕಿವಿಗೆ ಈ ನಾಲ್ಕರ ನಡುವೆ ಅಂತರವೇ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ‘ಪೇ’ ಎಂಬ ಕ್ರಿಯಾಪದ ಈ ನಾಲ್ಕರಲ್ಲಿ ಜೊತೆಗೂಡುವುದು ‘ಅಟೆನ್ಷನ್’ ಒಂದರೊಂದಿಗೆ. ‘ಎಂಫಸಿಸ್’ ಬರಬೇಕಾದರೆ ಎಡಕ್ಕೆ ‘ಪ್ಲೇಸ್’ ಅಥವಾ ‘ಪುಟ್’, ಬಲಕ್ಕೆ ‘ಆನ್’ ಇರಬೇಕಿತ್ತು. ‘ಫೋಕಸ್’ ಕೂಡ ‘ಆನ್’ ಅನ್ನೇ ಕೇಳುತ್ತದೆ. ‘ಇಂಪಾರ್ಟೆನ್ಸ್’ ಬಲಗಡೆಯ ‘ಟು’ವಿಗೆ ಒಪ್ಪಿದರೂ ಅದರ ಎಡಕ್ಕೆ ‘ಗಿವ್’ ಅಥವಾ ‘ಅಟ್ಯಾಚ್’ ಬೇಕು. ಉತ್ತರವನ್ನು ತೀರ್ಮಾನಿಸಿದ್ದು ಎಡಗಡೆಯ ಒಂದು ಪದ ಮತ್ತು ಬಲಗಡೆಯ ಒಂದು ಪದ.

ಇನ್ನೊಂದು ವಾಕ್ಯ: ‘ಆಲ್ದೋ ದ ಕೆನಾಲ್ ವಾಸ್ ಬಿಲ್ಟ್ ಫಾರ್ ದೆಮ್, ಫಾರ್ಮರ್ಸ್ ಅಟ್ ದ ಟೇಲ್ ಎಂಡ್ ______ ಗಾಟ್ ಎನಿ ವಾಟರ್.’ ಆಯ್ಕೆಗಳು: ಫ್ರೀಕ್ವೆಂಟ್ಲಿ, ಹಾರ್ಡ್ಲಿ, ಈಸಿಲಿ, ರೆಗ್ಯುಲರ್ಲಿ. ನಾಲೆಯ ಕೊನೆ ಭಾಗದ ರೈತರ ಪಾಡು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ, ಆದ್ದರಿಂದ ಉತ್ತರ ಊಹಿಸುವುದು ಕಷ್ಟವಲ್ಲ. ಆದರೆ ಪರೀಕ್ಷೆಯಲ್ಲಿ ವಿಷಯ ಅಂಟಾರ್ಕ್ಟಿಕಾದ ಹಿಮವೋ ಮಧ್ಯಯುಗದ ಯುರೋಪೋ ಆಗಿದ್ದಾಗ ಲೋಕಜ್ಞಾನ ಕೈಹಿಡಿಯುವುದಿಲ್ಲ, ಭಾಷೆಯ ಸುಳಿವುಗಳೇ ಕೈಹಿಡಿಯಬೇಕು. ಇಲ್ಲಿ ಅಂತಹ ಸುಳಿವುಗಳು ಎರಡು. ವಾಕ್ಯದ ಮೊದಲಿನ ‘ಆಲ್ದೋ’, ಮುಂದೆ ಬರುವುದು ನಿರೀಕ್ಷೆಗೆ ವಿರುದ್ಧವೆಂದು ಹೇಳುತ್ತದೆ. ಸ್ಥಳದ ನಂತರದ ‘ಎನಿ’, ಹಿಂದೆ ನಿಷೇಧದ ಅರ್ಥವಿರುವ ಪದವೊಂದು ಬೇಕೆಂದು ಹೇಳುತ್ತದೆ. ‘ಹಾರ್ಡ್ಲಿ’ ಬಿಟ್ಟರೆ ಬೇರೆ ಯಾವುದೂ ಎರಡನ್ನೂ ಪೂರೈಸದು.

ಹೀಗೆ ಪ್ರತಿ ಸ್ಥಳಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ: ಯಾವ ಜಾತಿಯ ಪದ ಬೇಕು, ಎಡಬಲದ ಪದಗಳು ಯಾವುದನ್ನು ಒಪ್ಪುತ್ತವೆ, ಏಕವಚನವೋ ಬಹುವಚನವೋ, ವಾಕ್ಯದ ತಿರುವು ಯಾವ ಕಡೆಗಿದೆ. ವ್ಯಾಕರಣ ರೂಪವನ್ನಷ್ಟೇ ಕೇಳುವ ಸ್ಥಳಗಳು, ಉದಾಹರಣೆಗೆ ‘ಗ್ರೋ, ಗ್ರೂ, ಗ್ರೋನ್, ಗ್ರೋತ್’ ಎಂಬ ಆಯ್ಕೆಗಳಿರುವಂಥವು, ಮೊದಲ ಪ್ರಶ್ನೆಯಲ್ಲೇ ಬಗೆಹರಿಯುತ್ತವೆ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದವು

ನಮ್ಮ ಮಾತಿನ ಕಟ್ಟಣೆಯಿಂದಾಗಿ ಪದೇ ಪದೇ ಆಗುವ ತಪ್ಪುಗಳಿವೆ. ‘ಮಳೆ ಬಂದರೂ’, ‘ಮಳೆಯ ನಡುವೆಯೂ’ ಎಂಬೆರಡನ್ನೂ ನಾವು ಸಲೀಸಾಗಿ ಅದಲುಬದಲು ಮಾಡುತ್ತೇವೆ. ಇಂಗ್ಲಿಷಿನಲ್ಲಿ ‘ಆಲ್ದೋ’ ನಂತರ ಕರ್ತೃ ಮತ್ತು ಕ್ರಿಯಾಪದವಿರುವ ಉಪವಾಕ್ಯ ಬರಬೇಕು, ‘ಡಿಸ್ಪೈಟ್’ ನಂತರ ನಾಮಪದ ಬರಬೇಕು, ‘ಡಿಸ್ಪೈಟ್’ ಪಕ್ಕದಲ್ಲಿ ‘ಆಫ್’ ಎಂದೂ ಬರಕೂಡದು. ಈ ಎರಡು ಪದಗಳು ಒಂದೇ ಆಯ್ಕೆ ಪಟ್ಟಿಯಲ್ಲಿ ಕಂಡರೆ ಸ್ಥಳದ ಬಲಗಡೆಯನ್ನು ಮೊದಲು ನೋಡಿ. ‘ಎಷ್ಟು’ ಎಂಬ ಒಂದೇ ಪದದಲ್ಲಿ ನಾವು ಎಣಿಸುವುದನ್ನೂ ಅಳೆಯುವುದನ್ನೂ ಕೇಳುವುದರಿಂದ ‘ಅಮೌಂಟ್ ಆಫ್’ ಮತ್ತು ‘ನಂಬರ್ ಆಫ್’ ನಡುವೆ ಗೊಂದಲವಾಗುತ್ತದೆ: ನೀರಿಗೆ ‘ಅಮೌಂಟ್’, ಜನರಿಗೆ ‘ನಂಬರ್’. ‘ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ನಾಲಿಗೆಗೆ ಬರುತ್ತದೆ, ಆದರೆ ‘ಡಿಸ್ಕಸ್’ಗೆ ‘ಅಬೌಟ್’ ಬೇಡ. ಹಾಗಾಗಿ ಬಲಗಡೆ ‘ಅಬೌಟ್’ ಇರುವ ಸ್ಥಳದಲ್ಲಿ ‘ಡಿಸ್ಕಸ್’ ತುಂಬಿದರೆ ಅಂಕ ಹೋಯಿತೆಂದೇ ಅರ್ಥ.

ತಪ್ಪಿನ ಪುಸ್ತಕ

ದಿನಕ್ಕೆ ಇಪ್ಪತ್ತು ಪ್ಯಾರಾ ಮಾಡಿ ಅಂಕ ಎಣಿಸುವುದಕ್ಕಿಂತ ಮೂರು ಪ್ಯಾರಾ ಮಾಡಿ ಅದರ ಎರಡರಷ್ಟು ಸಮಯವನ್ನು ಉತ್ತರಗಳ ಪರಿಶೀಲನೆಗೆ ಕೊಡುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಭ್ಯಾಸದ ಜೀವ ಇರುವುದು ಈ ಪರಿಶೀಲನೆಯಲ್ಲೇ. ಒಂದು ನೋಟ್‌ಬುಕ್ ಇಟ್ಟು, ತಪ್ಪಾದ ಪ್ರತಿ ಸ್ಥಳದ ಇಡೀ ವಾಕ್ಯವನ್ನು ಬರೆದುಕೊಳ್ಳಿ. ಬರಿಯ ಪದ ಮತ್ತು ಅದರ ಕನ್ನಡ ಅರ್ಥ ಬರೆದರೆ ಪ್ರಯೋಜನ ಕಡಿಮೆ; ‘ಅಟೆನ್ಷನ್ = ಗಮನ’ ಎಂದು ಬರೆದವರು ಮತ್ತೊಮ್ಮೆ ಅದೇ ಕಡೆ ತಪ್ಪುತ್ತಾರೆ, ‘ಪೇ ಅಟೆನ್ಷನ್ ಟು’ ಎಂದು ಮೂರೂ ಪದಗಳನ್ನು ಒಟ್ಟಿಗೆ ಬರೆದವರು ತಪ್ಪುವುದಿಲ್ಲ. ವಾಕ್ಯದ ಕೆಳಗೆ ನೀವು ಆರಿಸಿದ ಪದ ಏಕೆ ಸಲ್ಲಲಿಲ್ಲ ಎಂಬುದನ್ನು ಒಂದು ಸಾಲಿನಲ್ಲಿ, ಬೇಕಿದ್ದರೆ ಕನ್ನಡದಲ್ಲೇ ಬರೆಯಿರಿ. ಉತ್ತರ ಸರಿಯಾಗಿದ್ದರೂ ಊಹೆಯಿಂದ ಬಂದಿದ್ದರೆ ಅದನ್ನೂ ಈ ಪುಸ್ತಕಕ್ಕೆ ಸೇರಿಸಿ.

ಕಾರಣ ತಿಳಿಯದಿದ್ದಾಗ ಕಲಿಯುವವರಿಗಾಗಿಯೇ ರೂಪಿಸಿದ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ನಿಘಂಟುಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಅರ್ಥವನ್ನು ನೋಡಿ ಮುಚ್ಚಿಬಿಡದೆ, ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಓದಬೇಕು. ದಪ್ಪ ಅಕ್ಷರದಲ್ಲಿ ತೋರಿಸಿರುವ ಜೊತೆಪದಗಳೇ ನಿಮಗೆ ಬೇಕಾದವು.

ಬರೆದಿಟ್ಟದ್ದನ್ನು ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಇನ್ನೊಮ್ಮೆ ನೋಡಿ. ನೋಡುವಾಗ ಮುಖ್ಯ ಪದದ ಮೇಲೆ ಬೆರಳಿಟ್ಟು ಮುಚ್ಚಿಕೊಂಡರೆ ನಿಮ್ಮ ಪುಸ್ತಕವೇ ಬಿಟ್ಟ ಸ್ಥಳದ ಪ್ರಶ್ನೆಪತ್ರಿಕೆಯಾಗುತ್ತದೆ. ಮೊಬೈಲಿನಲ್ಲಿ ಮಾಡಬಯಸುವವರಿಗೆ ಆಂಕಿ ಎಂಬ ಆ್ಯಪ್‌ನಲ್ಲಿ ‘ಕ್ಲೋಜ್’ ಕಾರ್ಡುಗಳೇ ಇವೆ. ವಾಕ್ಯ ಹಾಕಿ ಪದವನ್ನು ಗುರುತಿಸಿದರೆ ಅದನ್ನು ಮರೆಮಾಡಿ, ಸೂಕ್ತ ಅಂತರದಲ್ಲಿ ಮತ್ತೆ ಮತ್ತೆ ಕೇಳುತ್ತದೆ.

ಪ್ರಶ್ನೆಗಳು ಎಲ್ಲಿ ಸಿಗುತ್ತವೆ?

ಪರೀಕ್ಷೆ ನಡೆಸುವ ಸಂಸ್ಥೆಗಳೇ ಪ್ರಕಟಿಸುವ ಮಾದರಿ ಪ್ರಶ್ನೆಗಳಿಂದ ಶುರುಮಾಡಿ. ಪರೀಕ್ಷೆ ಬರೆದು ಬಂದವರ ನೆನಪಿನಿಂದ ತಯಾರಾಗಿ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ‘ಮತ್ತೆ ಬರುವ ಪ್ರಶ್ನೆ’ಗಳ ಪಿಡಿಎಫ್‌ಗಳನ್ನು ಉರುಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ನೆನಪಿನಿಂದ ಬರೆದದ್ದರಲ್ಲಿ ಉತ್ತರಗಳೂ ವಾಕ್ಯಗಳೂ ತಪ್ಪಿರುವ ಸಾಧ್ಯತೆ ಹೆಚ್ಚು, ತಪ್ಪು ಜೊತೆಪದವೊಂದು ಒಮ್ಮೆ ಕಿವಿಗೆ ಹತ್ತಿದರೆ ಅದನ್ನು ಬಿಡಿಸುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ಪದಗಳ, ಜೊತೆಪದಗಳ ಪಟ್ಟಿಯೇ ಬೇಕೆನ್ನುವವರಿಗೆ ಎರಡು ನಂಬಲರ್ಹ ಮೂಲಗಳಿವೆ. ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳಿವೆ. ಪಿಟಿಇ ನಡೆಸುವ ಪಿಯರ್ಸನ್ ಸಂಸ್ಥೆಯ ಭಾಷಾ ಸಂಗ್ರಹದ ಆಧಾರದಲ್ಲಿ 2013ರಲ್ಲಿ ಬಂದ ಅಕಾಡೆಮಿಕ್ ಕೊಲೊಕೇಷನ್ ಲಿಸ್ಟ್‌ನಲ್ಲಿ 2,469 ಜೋಡಿಗಳಿವೆ. ಎರಡನೆಯದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಲು ಹೊರಡಬೇಡಿ. ನಿಮ್ಮ ತಪ್ಪಿನ ಪುಸ್ತಕದಲ್ಲಿ ಬಂದ ಪದ ಆ ಪಟ್ಟಿಯಲ್ಲಿ ಇನ್ನಾವ ಜೊತೆಗಳೊಂದಿಗೆ ಇದೆ ಎಂದು ಹುಡುಕಿ ಅದರ ಪಕ್ಕಕ್ಕೆ ಸೇರಿಸುತ್ತಾ ಹೋಗಿ.

ಪ್ರಶ್ನೆಗಳನ್ನು ನೀವೇ ತಯಾರಿಸುವುದು ಇನ್ನೂ ಒಳ್ಳೆಯದು. ಡೆಕ್ಕನ್ ಹೆರಾಲ್ಡ್ ಅಥವಾ ದಿ ಹಿಂದೂವಿನ ಸಂಪಾದಕೀಯದಿಂದಲೋ, ವಿಶ್ವವಿದ್ಯಾಲಯದ ಅಧ್ಯಾಪಕರು ಸಾಮಾನ್ಯ ಓದುಗರಿಗಾಗಿ ಬರೆಯುವ ದಿ ಕಾನ್ವರ್ಸೇಷನ್ ಜಾಲತಾಣದಿಂದಲೋ ನೂರು ಪದಗಳ ಪ್ಯಾರಾವೊಂದನ್ನು ಆರಿಸಿ, ವಾಕ್ಯಕ್ಕೊಂದರಂತೆ ಪದವನ್ನು ಅಳಿಸಿಡಿ. ಯಾವ ಪದವನ್ನು ಅಳಿಸಿದರೆ ಪ್ರಶ್ನೆ ನ್ಯಾಯವಾಗಿರುತ್ತದೆ, ಸುಳಿವು ಎಲ್ಲಿ ಉಳಿದಿದೆ ಎಂದು ಯೋಚಿಸುವಾಗಲೇ ಅರ್ಧ ಪಾಠ ಆಗಿರುತ್ತದೆ. ಜೊತೆಗೆ ಓದುವ ಗೆಳೆಯರಿದ್ದರೆ ಪ್ಯಾರಾಗಳನ್ನು ಅದಲುಬದಲು ಮಾಡಿಕೊಳ್ಳಿ, ಒಬ್ಬರೇ ಇದ್ದರೆ ವಾರ ಬಿಟ್ಟು ನಿಮ್ಮದನ್ನೇ ತುಂಬಿಸಿ ನೋಡಿ.

ಗಡಿಯಾರದ ಜೊತೆ

ಮೊದಲ ಎರಡು ಮೂರು ವಾರ ಗಡಿಯಾರ ನೋಡಬೇಡಿ. ಕಾರಣ ಹುಡುಕುವ ರೂಢಿ ಬಂದ ಮೇಲೆ ಒಂದು ಪ್ಯಾರಾಗೆ ಎರಡು ನಿಮಿಷದಂತೆ ಮಿತಿ ಹಾಕಿಕೊಳ್ಳಿ. ಪಿಟಿಇ ಓದುವ ಭಾಗದಲ್ಲಿ ಎಲ್ಲ ಬಗೆಯ ಪ್ರಶ್ನೆಗಳಿಗೂ ಸೇರಿ ಒಂದೇ ಸಮಯವಿರುತ್ತದೆ, ಒಂದು ಪ್ರಶ್ನೆ ಮುಗಿಸಿ ಮುಂದಕ್ಕೆ ಹೋದರೆ ಹಿಂದಿರುಗಲು ಆಗುವುದಿಲ್ಲ. ಹೀಗಾಗಿ ಒಂದೇ ಸ್ಥಳಕ್ಕೆ ಅಂಟಿ ಕೂತರೆ ಕೊನೆಯ ಪ್ರಶ್ನೆಗಳು ಉಳಿದುಹೋಗುತ್ತವೆ. ಅಭ್ಯಾಸವನ್ನೂ ಈ ಹಂತದಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಮಾಡಿ. ಕಾಗದದಲ್ಲಿ ಓದುವ ಕಣ್ಣಿಗೆ ಪರದೆಯ ಉದ್ದ ಸಾಲುಗಳು ಬೇರೆಯೇ ಎನಿಸುತ್ತವೆ.

ಎಳೆದು ಕೂರಿಸುವ ಪ್ರಶ್ನೆಯಲ್ಲಿ ಸ್ಥಳಗಳಿಗಿಂತ ಪದಗಳು ಹೆಚ್ಚಿರುತ್ತವೆ. ಅಲ್ಲಿ ಒಂದು ಪದವನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಅದರ ಸರಿಯಾದ ಜಾಗಕ್ಕೂ ಪದವಿಲ್ಲದಂತಾಗಿ ಎರಡು ಅಂಕ ಹೋಗುತ್ತದೆ. ಆದ್ದರಿಂದ ಸಾಲಿನ ಕ್ರಮ ಬಿಟ್ಟು, ಖಚಿತವಾಗಿ ಗೊತ್ತಿರುವ ಸ್ಥಳಗಳನ್ನು ಮೊದಲು ತುಂಬಿ. ಉಳಿದ ಪದಗಳು ಕಡಿಮೆಯಾದಂತೆ ಅನುಮಾನವೂ ಕಡಿಮೆಯಾಗುತ್ತದೆ. ತಪ್ಪಿಗೆ ಅಂಕ ಕಳೆಯದ ಕಾರಣ ಯಾವ ಸ್ಥಳವನ್ನೂ ಖಾಲಿ ಬಿಡಬೇಡಿ. ಎಲ್ಲ ತುಂಬಿದ ಮೇಲೆ ಹತ್ತು ಹದಿನೈದು ಸೆಕೆಂಡು ಉಳಿಸಿಕೊಂಡು ಪ್ಯಾರಾವನ್ನು ಮನಸ್ಸಿನಲ್ಲೇ ಒಂದೇ ಓಟದಲ್ಲಿ ಓದಿ, ಎಲ್ಲಿ ನಾಲಿಗೆ ತಡವರಿಸುತ್ತದೋ ಆ ಒಂದು ಸ್ಥಳವನ್ನಷ್ಟೇ ಮತ್ತೆ ನೋಡಿ, ಮುಂದಿನ ಪ್ರಶ್ನೆಗೆ ಹೋಗಿ.