ಲೋಕಲ್ ಟ್ರೇನಿನಲ್ಲಿ ಯಾತ್ರಾಗೀತೆ

ದಿನಾ ಒಂದು ಗಂಟೆ ಏಕಾಂತದಲ್ಲಿ ಕರ್ತನ ಪಾದದ ಬಳಿ ಕೂತುಕೊಳ್ಳಿ ಅಂತ ನಮಗೆಲ್ಲ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿಸಿ, ಡಬ್ಬಿ ಕಟ್ಟಿ, ಮಗಳನ್ನು ಎಬ್ಬಿಸಿ, ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು ಮುಂಬೈಯ ಫೋರ್ಟಿನ ಆಫೀಸಿಗೆ ಹೋಗುವ ಹೆಂಗಸಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು? ನಮ್ಮದು ಒಂದು ರೂಮ್ ಕಿಚನ್ ಮನೆ. ಬಾಗಿಲು ಹಾಕಿಕೊಂಡು ಪ್ರಾರ್ಥಿಸಲು ಇನ್ನೊಂದು ಬಾಗಿಲೇ ಇಲ್ಲ.

ಹಾಗಂತ ಕ್ರಿಸ್ತನನ್ನು ಭಾನುವಾರಕ್ಕೆ ಬಿಟ್ಟು ಉಳಿದ ದಿನ ಬದುಕಲು ನನ್ನಿಂದ ಆಗುವುದಿಲ್ಲ. ಬೈಬಲಿನ ಯೋಹಾನ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಬಳ್ಳಿ ಅಂದ, ನಮ್ಮನ್ನು ಕೊಂಬೆಗಳು ಅಂದ. ವಾರಕ್ಕೊಮ್ಮೆ ಬಳ್ಳಿಯನ್ನು ನೋಡಿಕೊಂಡು ಬರುವ ಕೊಂಬೆ ಇರುತ್ತದಾ? ಇಡೀ ದಿನ ಆತನ ಜೊತೆ ಇರಬೇಕು, ಆದರೆ ನನ್ನ ದಿನ ಹೇಗಿದೆಯೋ ಹಾಗೇ ಇಟ್ಟುಕೊಂಡು. ನನ್ನ ದಿನದಲ್ಲಿ ಯಾರೂ ಕೇಳದೆ ಉಳಿದಿರುವ ಹೊತ್ತು ಅಂದರೆ ರೈಲಿನ ಹೊತ್ತು. ಹೋಗುವಾಗ ಒಂದು ಗಂಟೆಗಿಂತ ಜಾಸ್ತಿ, ಬರುವಾಗಲೂ ಅಷ್ಟೇ. ಆ ಹೊತ್ತಲ್ಲಿ ನಾನು ಮಾಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೋಕಲಿನಲ್ಲಿ ಓಡಾಡುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಕೀರ್ತನೆಗಳ ಪುಸ್ತಕದಲ್ಲಿ 120ರಿಂದ 134ರವರೆಗಿನ 15 ಕೀರ್ತನೆಗಳಿಗೆ ಯಾತ್ರಾಗೀತೆ ಅಂತ ತಲೆಬರಹ ಇದೆ. ಹಬ್ಬಕ್ಕೆ ಯೆರೂಸಲೇಮಿನ ಬೆಟ್ಟ ಹತ್ತಿಕೊಂಡು ಹೋಗುವ ಜನ ದಾರಿಯಲ್ಲಿ ಹಾಡುತ್ತಿದ್ದ ಹಾಡುಗಳು ಇವು ಅಂತ ಬಹಳ ಜನ ಪಂಡಿತರು ಹೇಳುತ್ತಾರೆ. ಒಂದೆರಡು ಬಿಟ್ಟರೆ ಎಲ್ಲ ಚಿಕ್ಕವು. 131, 133, 134ರಲ್ಲಿ ಬರೀ ಮೂರು ಮೂರು ವಚನ. ಕಾಲಿಡಲು ಜಾಗ ಇಲ್ಲದ ಕಡೆ ಪುಸ್ತಕ ತೆರೆಯಲು ಆಗುವುದಿಲ್ಲ, ಆದರೆ ಬಾಯಿಪಾಠ ಬಂದರೆ ಕೈ ಎರಡೂ ಮೇಲಿನ ಹಿಡಿಕೆಯಲ್ಲಿದ್ದರೂ ನಡೆಯುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಲೂಕ 2ರಲ್ಲಿ ಯೇಸುವಿನ ತಂದೆತಾಯಿ ಪ್ರತಿ ವರ್ಷ ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರು ಅಂತ ಇದೆ. ಹನ್ನೆರಡು ವರ್ಷದ ಹುಡುಗನಾಗಿ ಆತನೂ ಅವರ ಜೊತೆ ಹೋದ. ಹಾಗಾದರೆ ಆ ಗುಂಪಿನಲ್ಲಿ, ದೂಳಿನಲ್ಲಿ, ಸುಸ್ತಾದ ಕಾಲಿನಲ್ಲಿ ಆತನೂ ಈ ಹಾಡುಗಳನ್ನು ಹೇಳಿರಬೇಕು ಅಲ್ವಾ? ಕೊನೆಗೆ ಶಿಲುಬೆಯ ಮೇಲೆ ಆತನ ಬಾಯಲ್ಲಿ ಬಂದದ್ದೂ ಕೀರ್ತನೆಯ ಮಾತುಗಳೇ, 22ನೆಯದು, 31ನೆಯದು. ನನಗೆ ಪ್ರಾರ್ಥನೆಗೆ ಸ್ವಂತ ಮಾತು ಸಿಗದ ದಿನ ಬಹಳ. ಆತ ಪ್ರಾರ್ಥಿಸಿದ ಮಾತನ್ನೇ ಆತನ ಜೊತೆ ನಿಂತು ಹೇಳುವುದಾದರೆ ನನ್ನ ಮಾತು ಯಾಕೆ ಬೇಕು? ರೈಲು ಹತ್ತಿದ ಕೂಡಲೇ ಇಷ್ಟೇ ಹೇಳುತ್ತೇನೆ: ಕರ್ತನೇ, ನಿನ್ನ ಹಾಡು, ನಿನ್ನ ಜೊತೆ ಹೇಳುತ್ತೇನೆ, ಮುಂದೆ ನೀನು ನಡಿ.

ಕಲಿತ ರೀತಿ ಹೇಳುತ್ತೇನೆ. ಒಂದು ಕೀರ್ತನೆಯನ್ನು ನನ್ನ ಕೈಯಲ್ಲೇ ಕನ್ನಡದಲ್ಲಿ ಬರೆಯುತ್ತೇನೆ, ಮೊಬೈಲಿನಲ್ಲಿ ಫೋಟೋ ತೆಗೆದರೆ ತಲೆಗೆ ಹೋಗುವುದಿಲ್ಲ. ಚೀಟಿಯನ್ನು ರೈಲ್ವೆ ಪಾಸಿನ ಕವರಿನಲ್ಲಿ ಇಡುತ್ತೇನೆ. ಒಂದು ವಚನ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಕೈ ಹಾಕುವುದಿಲ್ಲ, ಅದಕ್ಕೆ ಒಂದು ವಾರ ಹಿಡಿದರೂ ಸರಿ. ತುಟಿ ಅಲ್ಲಾಡಿಸಿ ಹೇಳುತ್ತೇನೆ, ಮನಸ್ಸಿನಲ್ಲೇ ಹೇಳಿದರೆ ಎರಡನೇ ಸಾಲಿಗೆ ಊಟಕ್ಕೆ ಏನು ಸಾರು ಮಾಡಲಿ ಅನ್ನುವ ಯೋಚನೆ ಬಂದುಬಿಡುತ್ತದೆ. ನಮ್ಮ ಲೇಡೀಸ್ ಡಬ್ಬಿಯಲ್ಲಿ ಒಂದು ಭಜನೆಯ ಗುಂಪಿದೆ, ಚೆನ್ನಾಗಿ ಹಾಡುತ್ತಾರೆ. ಪಕ್ಕದಲ್ಲೇ ಗವಾರಿಕಾಯಿ ಮುರಿಯುವವರು, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರುವ ಫೋರ್ತ್ ಸೀಟಿಗೆ ಜಗಳ ಆಡುವವರು. ಇದರ ಮಧ್ಯೆ ನನ್ನ ತುಟಿ ಅಲ್ಲಾಡುವುದನ್ನು ನೋಡಿ ಒಬ್ಬ ಮರಾಠಿ ಅಕ್ಕ ಏನು ಹೇಳುತ್ತೀಯ ಅಂತ ಕೇಳಿದರು. ಸ್ತೋತ್ರ ಅಂದೆ. ಯಾವ ದೇವರದ್ದು ಅಂದರು. ಯೇಸುವಿನದ್ದು ಅಂದೆ. ಅವತ್ತಿನಿಂದ ನಾನು ಹೇಳುವಾಗ ಅವರು ಯಾರನ್ನೂ ನನ್ನ ಜೊತೆ ಮಾತಾಡಲು ಬಿಡುವುದಿಲ್ಲ. ಮರಾಠಿ ಕವಿ ನಾರಾಯಣ ವಾಮನ ತಿಲಕರ ಹೆಸರು ಹೇಳಿದ್ದೂ ಅವರೇ, ಶಾಲೆಯಲ್ಲಿ ಅವರ ಕವಿತೆ ಓದಿದ್ದರಂತೆ. ತಿಲಕರಿಗೆ ಹೊಸ ಒಡಂಬಡಿಕೆ ಸಿಕ್ಕಿದ್ದೂ ರೈಲಿನಲ್ಲೇ, ಪರಿಚಯವಿಲ್ಲದ ಸಹಪ್ರಯಾಣಿಕರೊಬ್ಬರ ಕೈಯಿಂದ. 1895ರಲ್ಲಿ ಇದೇ ಮುಂಬೈಯಲ್ಲಿ ಅವರ ದೀಕ್ಷಾಸ್ನಾನ ಆಯಿತು. ಅವರ ಅಭಂಗಗಳನ್ನು ಮರಾಠಿ ಕ್ರೈಸ್ತ ಸಭೆಗಳಲ್ಲಿ ಈಗಲೂ ಹಾಡುತ್ತಾರೆ.

ಪ್ರಾರ್ಥಿಸಲು ಒಂದೊಂದು ಸ್ಟೇಷನ್ನಿಗೆ ಒಬ್ಬೊಬ್ಬರ ಹೆಸರು ಇಟ್ಟುಕೊಂಡಿದ್ದೇನೆ. ಮುಂಬ್ರಾದ ಗುಡ್ಡ ಕಂಡಾಗ 121, ಕಣ್ಣೆತ್ತಿ ಪರ್ವತಗಳ ಕಡೆ ನೋಡುವ ಕೀರ್ತನೆ. ಠಾಣೆಯಿಂದ ಘಾಟ್ಕೋಪರ್‌ವರೆಗೆ ಮಗಳು ಮತ್ತು ನನ್ನ ಯಜಮಾನರು. ಆಮೇಲೆ ಊರಿನಲ್ಲಿರುವ ಅಮ್ಮ, ಸಭೆಯಲ್ಲಿ ಕಾಯಿಲೆಯಲ್ಲಿ ಇರುವವರು. ಕುರ್ಲಾದಿಂದ ದಾದರ್‌ವರೆಗೆ ಒಬ್ಬರೇ. ಅವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಆಫೀಸಿನಲ್ಲಿ ಒಬ್ಬರು ನನ್ನ ಬಗ್ಗೆ ಮೇಲಿನವರಿಗೆ ಇಲ್ಲದ್ದು ಹೇಳಿದರು. ಅದರಿಂದ ಆ ವರ್ಷ ನನ್ನ ಪ್ರಮೋಷನ್ ನಿಂತಿತು. ಅವರ ಟೇಬಲ್ ನನ್ನ ಎದುರಿಗೇ. ದಿನಾ ಮುಖ ನೋಡಬೇಕು. ಆಗ ನನಗೆ ಸಿಕ್ಕಿದ್ದು 120. ಸುಳ್ಳಾಡುವ ತುಟಿಗಳಿಂದ ಬಿಡಿಸು ಅಂತ ಶುರುವಾಗುತ್ತದೆ. ನಾನು ಸಮಾಧಾನ ಬಯಸುತ್ತೇನೆ, ನಾನು ಮಾತೆತ್ತಿದರೆ ಅವರು ಯುದ್ಧಕ್ಕೇ ನಿಲ್ಲುತ್ತಾರೆ ಅಂತ ಮುಗಿಯುತ್ತದೆ. ಯಾವ ತೀರ್ಮಾನವೂ ಇಲ್ಲ, ಹಾಗೇ ಮುಗಿದುಬಿಡುತ್ತದೆ. ಯಾತ್ರೆಯ ಮೊದಲ ಹಾಡೇ ಇಷ್ಟು ಸಂಕಟದ್ದು ಅನ್ನುವುದು ನನಗೆ ಬಹಳ ಧೈರ್ಯ ಕೊಟ್ಟಿತು. ಸಿಟ್ಟು ಆರಿದ ಮೇಲೆಯೇ ದೇವರ ಹತ್ತಿರ ಹೋಗಬೇಕು ಅಂತಿಲ್ಲ, ಸಿಟ್ಟನ್ನು ಹಿಡಿದುಕೊಂಡೇ ಹೊರಡಬಹುದು.

ಆದರೆ ಬರೀ 120 ಹೇಳಿ ಸುಮ್ನೆ ಇರಲು ಯೇಸು ಬಿಡುವುದಿಲ್ಲ. ಅದೇ ಯೋಹಾನ 15ರಲ್ಲಿ ಇನ್ನೂ ಕೆಳಗೆ ಬನ್ನಿ: ನನ್ನ ಆಜ್ಞೆಗಳನ್ನು ಕೈಕೊಂಡು ನಡೆದರೆ ನನ್ನ ಪ್ರೀತಿಯಲ್ಲಿ ನೆಲೆಗೊಂಡಿರುವಿರಿ ಅನ್ನುತ್ತಾನೆ. ಆತನಲ್ಲಿ ಇರುವುದು ಅಂದರೆ ಎದೆಯಲ್ಲಿ ಹಿತವಾದ ಭಾವನೆ ಬರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಆತ ಕೇಳುವುದು ಹೇಳಿದ್ದನ್ನು ಮಾಡುವುದನ್ನು. ಹಿಂಸಿಸುವವರಿಗಾಗಿ ಪ್ರಾರ್ಥಿಸಿರಿ ಅಂತ ಮತ್ತಾಯ 5:44ರಲ್ಲಿ ನೇರವಾಗಿ ಇದೆ. ಅದಕ್ಕೇ ಕುರ್ಲಾದಿಂದ ದಾದರ್. ಮೊದಮೊದಲು ಹೆಸರು ಹೇಳುವಾಗ ಗಂಟಲು ಕಟ್ಟುತ್ತಿತ್ತು. ಹೆಸರು ಹೇಳಿ, ಕರ್ತನೇ ಇವರನ್ನು ಆಶೀರ್ವದಿಸು ಅಂದು, ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ತಿಂಗಳುಗಟ್ಟಲೆ ಏನೂ ಬದಲಾಗಲಿಲ್ಲ. ಆಮೇಲೆ ಒಂದು ದಿನ ಅವರ ಮಗನ ಹತ್ತನೇ ಕ್ಲಾಸಿನ ರಿಸಲ್ಟ್ ಏನಾಯಿತು ಅಂತ ನಾನೇ ಎದ್ದು ಹೋಗಿ ಕೇಳಿದೆ. ಪ್ರಾರ್ಥಿಸುತ್ತಾ ಪ್ರಾರ್ಥಿಸುತ್ತಾ ಆ ಹುಡುಗನ ಪರೀಕ್ಷೆ ನನ್ನ ತಲೆಯಲ್ಲೂ ಇತ್ತು. ಅವರು ಕ್ಷಮೆ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ನಾವು ಈಗ ಒಟ್ಟಿಗೆ ಚಹಾ ಕುಡಿಯುತ್ತೇವೆ.

ಆಫೀಸಿನ ಒಳಗೆ ಕೀರ್ತನೆ ಹೇಳುವಷ್ಟು ಬಿಡುವು ಇಲ್ಲ. ಅಲ್ಲಿಗೆ ಒಂದೇ ಸಾಲು: ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇದನ್ನು ಉಸಿರಿನ ಜೊತೆ ಹೇಳುವ ರೂಢಿ ನೂರಾರು ವರ್ಷಗಳಿಂದ ಇದೆ. ಲೂಕ 18ರ ಸುಂಕದವನ ಮತ್ತು ಕುರುಡನ ಕೂಗು ಎರಡೂ ಇದರಲ್ಲಿ ಸೇರಿವೆ. ಫೋನ್ ಎತ್ತುವ ಮೊದಲು, ಲಿಫ್ಟಿನಲ್ಲಿ, ಕಂಪ್ಯೂಟರ್ ಶುರುವಾಗುವಾಗ, ಒಂದು ಉಸಿರಿನಷ್ಟು ಹೊತ್ತು ಸಾಕು.

ಅಪ್ಪ ಕಾಯಿಲೆ ಬಿದ್ದು ಉಡುಪಿಯಿಂದ ನಮ್ಮಲ್ಲಿಗೆ ಬಂದು ಇಲ್ಲಿನ ಆಸ್ಪತ್ರೆಗೆ ಸೇರಿದಾಗ ಈ ಹಾಡುಗಳು ರೈಲಿನಿಂದ ಇಳಿದು ನನ್ನ ಜೊತೆ ವಾರ್ಡಿಗೆ ಬಂದವು. ರಾತ್ರಿ ಒಬ್ಬರಿಗೆ ಮಾತ್ರ ಇರಲು ಬಿಡುತ್ತಿದ್ದರು, ನಾನು ಇರುತ್ತಿದ್ದೆ. ಪ್ರಾರ್ಥನೆ ಬರುತ್ತಿರಲಿಲ್ಲ. ಬಾಟಲಿಯಿಂದ ಬೀಳುವ ಹನಿ ನೋಡುತ್ತಾ ಕೂತಿರುತ್ತಿದ್ದೆ. ವಾರ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಾಚ್‌ಮನ್ ಕೂರುತ್ತಿದ್ದ, ನಾಲ್ಕು ಗಂಟೆಯ ಮೇಲೆ ಅವನಿಗೆ ಕೂರಲು ಆಗುತ್ತಿರಲಿಲ್ಲ. ಎದ್ದು ಕಿಟಕಿಗೆ ಹೋಗುವುದು, ಫೋನಿನಲ್ಲಿ ಟೈಮ್ ನೋಡುವುದು, ಕುರ್ಚಿಗೆ ಬರುವುದು, ಮತ್ತೆ ಎದ್ದು ಹೋಗುವುದು. ಕಾವಲುಗಾರರು ಬೆಳಗನ್ನು ಕಾಯುವುದಕ್ಕಿಂತ ಹೆಚ್ಚಾಗಿ ನನ್ನ ಪ್ರಾಣ ಕರ್ತನಿಗಾಗಿ ಕಾಯುತ್ತದೆ ಅನ್ನುವ 130ರ ಮಾತು ಅವನನ್ನು ನೋಡುತ್ತಾ ನನಗೆ ಹೊಳೆಯಿತು. ಅವನಿಗೆ ಬೆಳಗಾಗುತ್ತದೆ ಅನ್ನುವುದರಲ್ಲಿ ಅನುಮಾನ ಇರಲಿಲ್ಲ, ಯಾವಾಗ ಆಗುತ್ತದೆ ಅಂತ ಮಾತ್ರ ಚಡಪಡಿಕೆ. ನಾನೂ ಹಾಗೇ ಕಾಯಬಹುದು ಅನ್ನಿಸಿತು. ಅಪ್ಪನ ಕಿವಿಯ ಹತ್ತಿರ 121 ಹೇಳಲು ಶುರು ಮಾಡಿದೆ, ಮಧ್ಯದಲ್ಲಿ ಒಂದು ಸಾಲು ಮರೆತು ನಿಂತೆ. ಅಪ್ಪ ಕಣ್ಣು ಮುಚ್ಚಿಕೊಂಡೇ, ಒಣಗಿದ ತುಟಿಯಲ್ಲಿ ಆ ಸಾಲು ಹೇಳಿದರು. ಸಂಡೇ ಸ್ಕೂಲಿನಲ್ಲಿ ಕಲಿತದ್ದು, ಎಪ್ಪತ್ತು ದಾಟಿದರೂ ಹೋಗಿರಲಿಲ್ಲ. ಆ ಸಲ ಅಪ್ಪ ಮನೆಗೆ ಬಂದರು. ಮುಂದಿನ ವರ್ಷ ತೀರಿಕೊಂಡರು.

ಅದಕ್ಕೇ ಮಗಳಿಗೆ ಕಲಿಸುತ್ತಿದ್ದೇನೆ. ಅವಳದ್ದು ಇಂಗ್ಲಿಷ್ ಶಾಲೆ, ಗೆಳತಿಯರ ಜೊತೆ ಹಿಂದಿ, ಕೆಳಗೆ ಅಂಗಡಿಯಲ್ಲಿ ಮರಾಠಿ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಸತ್ಯವೇದದ ಒತ್ತಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದುತ್ತಾಳೆ. ನಾನು ಅವಸರ ಮಾಡುವುದಿಲ್ಲ. ಅವಳಿಗೆ 131 ಇಷ್ಟ, ತಾಯಿಯ ಮಡಿಲಲ್ಲಿ ಸುಮ್ಮನಿರುವ ಕೂಸಿನ ಕೀರ್ತನೆ.

ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಕನ್ನಡ ಸಭೆಗೆ ಹೋಗುವುದು ನಿಜಕ್ಕೂ ಕಷ್ಟ. ಆದರೂ ಹೋಗುತ್ತೇವೆ, ಮನೆಯಿಂದ ಬೇಗ ಹೊರಟು. ಒಬ್ಬಳೇ ರೈಲಿನಲ್ಲಿ ಹೇಳುವುದು ಆರಾಧನೆಗೆ ಬದಲಿ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಯೆಹೋವನ ಮಂದಿರಕ್ಕೆ ಹೋಗೋಣ ಬನ್ನಿ ಅಂತ ಕರೆದಾಗ ಸಂತೋಷಪಟ್ಟೆ ಅನ್ನುತ್ತದೆ 122. ಕರೆಯುವವರು ಇರಬೇಕು, ಜೊತೆಗೆ ಹೋಗುವವರು ಇರಬೇಕು. ಸಭೆಯಲ್ಲಿ ಕೊಡುವ ಕರ್ತನ ಭೋಜನದ ರೊಟ್ಟಿಯನ್ನು ಇನ್ನೊಬ್ಬರ ಕೈಯಿಂದಲೇ ತೆಗೆದುಕೊಳ್ಳಬೇಕು.

ಶುರು ಮಾಡುವವರು 121ರಿಂದ ಶುರು ಮಾಡಿ, ಎಂಟೇ ವಚನ. ಸಾಲಾಗಿ 120ರಿಂದ ಹೋಗಬೇಕು ಅಂತೇನಿಲ್ಲ, ಅವತ್ತು ಯಾವುದು ಬೇಕೋ ಅದು. ರಾತ್ರಿ ಪಾಳಿ ಮಾಡುವವರಿಗೆ 134 ಇದೆ, ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡುವವರ ಹಾಡು. ಬೆಳಿಗ್ಗೆ ಬೇಗ ಎದ್ದು ತಡವಾಗಿ ಮಲಗಿ ದುಡಿಯುವವರಿಗೆ 127, ಅದು ಮುಂಬೈಯವರಿಗೇ ಬರೆದ ಹಾಗಿದೆ. ನಾನು 132 ಒಂದನ್ನು ಕೊನೆಗೆ ಇಟ್ಟಿದ್ದೆ, 18 ವಚನ, ಎಲ್ಲಕ್ಕಿಂತ ಉದ್ದ. ಈಗ ಅದರ ಚೀಟಿ ಪಾಸಿನ ಕವರಿನಲ್ಲಿದೆ, ಆರನೇ ವಚನದವರೆಗೆ ಬಂದಿದ್ದೇನೆ.